ಮಾತು ಕೇಳುವಷ್ಟು ದೂರ

ಸೈಮಾ ಕಂಗಾಸ್ ತೀರಿಕೊಂಡದ್ದು ಫೆಬ್ರವರಿಯಲ್ಲಿ, ಮಣ್ಣು ಮಾಡಿದ್ದು ಮೇ ತಿಂಗಳಲ್ಲಿ. ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಚಳಿಗಾಲಕ್ಕೆ ಸತ್ತವರು ನೆಲ ಕರಗುವ ತನಕ ಕಾಯಬೇಕು, ಗುದ್ದಲಿ ಇಳಿಯುವುದಿಲ್ಲ. ಅವರ ಬಗ್ಗೆ ಬರೆಯಲು ನಮ್ಮ ವಾರಪತ್ರಿಕೆಯವರಿಗೆ ಆ ಮೂರು ತಿಂಗಳಲ್ಲಿ ಬೇಕಾದಷ್ಟು ಸಮಯವಿತ್ತು. ಬರೆದದ್ದು ನಾಲ್ಕು ಸಾಲು. ಶಾಲಾ ಬಸ್ಸಿನ ನಿವೃತ್ತ ಚಾಲಕಿ, ಬೇಟೆ ಶಿಕ್ಷಣದ ಬೋಧಕಿ, ಅವಿವಾಹಿತೆ, ಒಬ್ಬ ತಮ್ಮನನ್ನು ಅಗಲಿದ್ದಾರೆ. ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಪೇಪರನ್ನು ಅಲ್ಲೇ ಮುದುರಿ ಒಲೆಗೆ ಹಾಕಿದೆ. "ಕೂಗಾಡೋ ಬದ್ಲು ನೀನೇ ಬರಿ, ಕೈ ಇಲ್ವಾ ನಿಂಗೆ?" ಎಂದಳು ನನ್ನ ಹೆಂಡತಿ. ನಾನು ಹತ್ತನೇ ತರಗತಿಗೆ ಶಾಲೆ ಬಿಟ್ಟವನು. ಗರಗಸದ ಹಲ್ಲು ಅರೆಯುವುದು ಗೊತ್ತು, ಬರವಣಿಗೆ ಅಷ್ಟಕ್ಕಷ್ಟೆ. ಆದರೂ ಆ ನಾಲ್ಕು ಸಾಲಿಗಿಂತ ಕೆಟ್ಟದಾಗಿ ಬರೆಯಲು ನನ್ನಿಂದ ಆಗದು ಎಂಬ ಧೈರ್ಯದ ಮೇಲೆ ಕೂತಿದ್ದೇನೆ.

ಊರಿನವರೆಲ್ಲ ಅವರನ್ನು ಟೀಚರ್ ಎನ್ನುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೊಮ್ಮೆ, ಸೀಸನ್ನಿಗೆ ಮುಂಚೆ ಒಮ್ಮೆ, ಟೌನ್ ಹಾಲ್‌ನಲ್ಲಿ ಬೇಟೆ ಕಲಿಯುವವರ ಕ್ಲಾಸು ನಡೆಸುತ್ತಿದ್ದರು. ಒಂದು ಪೈಸೆ ಸಂಬಳವಿಲ್ಲ. ನಮ್ಮ ಕಡೆ ಹುಡುಗರಿಗೆ ಹುಡುಗಿಯರಿಗೆ ಹನ್ನೆರಡು ತುಂಬುವ ಹೊತ್ತಿಗೆ ಮೊದಲು ಟೀಚರ ಕಾರ್ಡು, ಆಮೇಲೆ ಕೈಗೆ ಕೋವಿ. ನಾನೂ ಅಲ್ಲೇ ಕಲಿತವನು. ಉದ್ದ ಮೇಜಿನ ಮೇಲೆ ಗುಂಡು ಹಾರದಂತೆ ಮಾಡಿದ ಐದಾರು ಹಳೇ ಕೋವಿ, ಪಕ್ಕದಲ್ಲಿ ಅವರೇ ಬೇಯಿಸಿ ತಂದ ಏಲಕ್ಕಿ ಹಾಕಿದ ನಿಸು ಬ್ರೆಡ್ಡು, ಒಂದು ದೊಡ್ಡ ಪಾತ್ರೆ ಕಾಫಿ. ಗಟ್ಟಿ ದನಿಯಲ್ಲಿ ಮಾತಾಡಿದ್ದು ಯಾರೂ ಕೇಳಿಲ್ಲ. ಯಾರಾದರೂ ಕೋವಿ ಎತ್ತಿದ ಕೂಡಲೇ ಮೆಲ್ಲಗೆ ಒಂದೇ ಪ್ರಶ್ನೆ: "ನಳಿಗೆ ಯಾರನ್ನ ನೋಡ್ತಿದೆ?" ಅಷ್ಟಕ್ಕೇ ಬೆವರು ಬರುತ್ತಿತ್ತು.

ಹೊರಗಿನಿಂದ ಬರುವವರೂ ಅವರ ಕೈಗೇ ಬೀಳಬೇಕಿತ್ತು. ಶಿಕಾಗೋ, ಡೆಟ್ರಾಯಿಟ್ ಕಡೆಯಿಂದ ಹೊಸ ಬೂಟು, ಹೊಸ ಕೋಟು ಹಾಕಿಕೊಂಡು ಬರುತ್ತಾರಲ್ಲ, ಅವರು. ಕಾರ್ಡಿಲ್ಲದವರಿಗೆ ಕ್ಲಾಸು. ಕಾರ್ಡಿದ್ದವರನ್ನೂ ಬಿಡುತ್ತಿರಲಿಲ್ಲ, ನನ್ನ ಅಂಗಡಿಯ ಮುಂದೆ ನಿಂತ ಅವರ ಗಾಡಿಯೊಳಕ್ಕೆ ಇಣುಕಿ ನೋಡುತ್ತಿದ್ದರು. ಒಮ್ಮೆ ಒಬ್ಬ ಚೀಲವಿಲ್ಲದ ಕೋವಿಯನ್ನು ಸೀಟಿನ ಮೇಲೆ ಇಟ್ಟುಕೊಂಡು ಬಂದಿದ್ದ.

"ಕೋವಿ ಖಾಲಿ ಇರ್ಬೇಕು, ಚೀಲದಲ್ಲಿ ಇರ್ಬೇಕು, ಓಡಿಸೋನ ಕೈಗೆ ಸಿಗಬಾರ್ದು," ಎಂದರು ಟೀಚರ್.

"ಅಮ್ಮಾ, ನಾನು ಲಾಯರು. ಕಾನೂನು ನನಗೆ ಗೊತ್ತು."

"ಹಾಗಾದ್ರೆ ಎರಡು ದಂಡ ಹಾಕ್ಬೇಕು ನಿಮಗೆ. ಮಾಡಿದ್ದಕ್ಕೊಂದು, ಗೊತ್ತಿದ್ದೂ ಮಾಡಿದ್ದಕ್ಕೊಂದು."

ಆ ಲಾಯರು ಆಮೇಲೆ ಪ್ರತಿ ಕ್ರಿಸ್‌ಮಸ್‌ಗೆ ಅವರಿಗೆ ಕಾರ್ಡು ಕಳಿಸುತ್ತಿದ್ದ. ಊರಿಗೆಲ್ಲ ಅವರು ಹೀಗೆ ಬೇಕಾದವರೇ. ಆದರೆ ಅವರಿಗೆ ಬೇಕಾಗಿದ್ದವನು ಒಬ್ಬನೇ, ಅವನು ಇಲ್ಲಿರಲಿಲ್ಲ.

ತಮ್ಮ ರೈಮೊ ಅವರಿಗಿಂತ ಒಂಬತ್ತು ವರ್ಷ ಚಿಕ್ಕವನು. ತಾಯಿ ಬೇಗ ಹೋದಳು, ಎತ್ತಿ ಬೆಳೆಸಿದ್ದು ಅಕ್ಕನೇ. ಇಲ್ಲಿಯ ತಾಮ್ರದ ಗಣಿ ತೊಂಬತ್ತೈದರಲ್ಲಿ ಮುಚ್ಚಿತು. ಅರ್ಧ ಊರು ಗಂಟುಮೂಟೆ ಕಟ್ಟಿ ಅರಿಝೋನಾದ ಗಣಿಗಳಿಗೆ ಹೋಯಿತು, ರೈಮೊ ಕೂಡ ಹೋದ. ಹೋಗುವಾಗ "ನವೆಂಬರ್‌ಗೆ ಬರ್ತೀನಿ" ಎಂದಿದ್ದನಂತೆ. ಯಾವ ನವೆಂಬರ್ ಎಂದು ಹೇಳಲಿಲ್ಲ.

ನವೆಂಬರ್ ಎಂದರೆ ನಮಗೆ ಹದಿನೈದನೇ ತಾರೀಕು. ಅವತ್ತು ಜಿಂಕೆ ಸೀಸನ್ ತೆರೆಯುತ್ತದೆ, ಶಾಲೆಗೆ ರಜೆ, ಅಂಗಡಿಗೆ ಬೀಗ. ಕಂಗಾಸರ ಕ್ಯಾಂಪು, ಮರದ ದಿಮ್ಮಿಯ ಬೇಟೆ ಗುಡಿಸಲು, ರಸ್ತೆಯಿಂದ ಕಚ್ಚಾ ಗಾಡಿದಾರಿಯಲ್ಲಿ ಮೂರು ಮೈಲಿ ಒಳಗೆ, ಹಳ್ಳದ ದಂಡೆಯಲ್ಲಿ. ಟೀಚರ ಅಪ್ಪ ಮತ್ತು ನನ್ನಪ್ಪ ಸೇರಿ ಕಟ್ಟಿದ್ದು. ಪ್ರತಿ ವರ್ಷ ಟೀಚರ್ ಅಂಗಡಿಗೆ ಬಂದು, "ಎರ್ನಿ, ಹದಿನಾಲ್ಕಕ್ಕೆ ಬಾ" ಎನ್ನುತ್ತಿದ್ದರು. ನಾನು ಹೋಗುತ್ತಿದ್ದೆ. ಇಲ್ಲಿ ಕರೆಯದೆ ಯಾರೂ ಯಾರ ಕ್ಯಾಂಪಿಗೂ ಕಾಲಿಡುವುದಿಲ್ಲ. ನನ್ನಪ್ಪನ ಬೆವರು ಆ ಗೋಡೆಯಲ್ಲಿದ್ದರೂ ಅಷ್ಟೆ, ಜಾಗದ ಕಾಗದ ಯಾರ ಹೆಸರಿನಲ್ಲಿದೆಯೋ ಅವರು ಕರೆಯಬೇಕು. ಬರಲು ಆಸೆಯಿರುವವನು ಬಾಯಿಬಿಟ್ಟು ಕೇಳಿದರೆ ಅವನಿಗೆ ನಾಚಿಕೆಗೇಡು.

ಕ್ಯಾಂಪಿನಲ್ಲಿ ಮೂರು ಮಲಗುವ ಹಲಗೆ. ಒಲೆಯ ಪಕ್ಕದ್ದು ರೈಮೊನದು. ಹದಿನಾಲ್ಕರಂದು ಟೀಚರ್ ಬಂದು ಮೊದಲು ಮಾಡುವ ಕೆಲಸ ಅದಕ್ಕೆ ಒಗೆದ ಹೊದಿಕೆ ಹಾಸುವುದು. ಸೀಸನ್ ಮುಗಿದ ಮೇಲೆ ಯಾರೂ ಮಲಗದ ಆ ಹೊದಿಕೆಯನ್ನು ಮಡಿಸಿ ವಾಪಸ್ಸು ಒಯ್ಯುವರು. ಒಂದು ವರ್ಷ ಬೂಟು ಬಿಚ್ಚಲೆಂದು ನಾನು ಅದರ ಮೇಲೆ ಕೂತೆ. "ಅಲ್ಲಿಂದ ಏಳು," ಎಂದರು. ದನಿ ಏರಿರಲಿಲ್ಲ. ಆದರೂ ನಾನು ಒಂದೇ ಬೂಟಿನಲ್ಲಿ ಕುಂಟುತ್ತಾ ಎದ್ದೆ.

ಅವತ್ತು ಸಂಜೆ ನನಗೆ ತಡೆಯಲಾಗಲಿಲ್ಲ. "ಟೀಚರ್, ಹೀಗೆ ವರ್ಷಾ ವರ್ಷಾ ಹಾಸೋ ಬದ್ಲು ಒಂದು ಫೋನ್ ಮಾಡಿ ಬಾರೋ ಅನ್ನಬಾರ್ದಾ ಅವನಿಗೆ?"

ಚರ್ಚಿನೊಳಗೆ ಉಗುಳಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಅವನ ಮನೆಗೆ ಅವನನ್ನ ನಾನು ಕರೀಬೇಕಾ? ನೆಂಟನಾ ಅವನು?"

"ಕಾಗದ ನಿಮ್ಮ ಹೆಸರಲ್ಲಿದೆಯಲ್ಲ."

"ಅಪ್ಪ ಸಾಯೋವಾಗ ಅವನು ದೂರ ಇದ್ದ, ಅದಕ್ಕೆ ನನ್ನ ಹೆಸರಿಗೆ ಆಯ್ತು. ಕಾಗದ ಇರೋದು ತೆರಿಗೆಯವರಿಗೆ. ಕ್ಯಾಂಪು ಅವನದು. ಬಾ ಅಂದ್ರೆ ಅವನನ್ನ ಹೊರಗಿನವನು ಅಂದ ಹಾಗಾಯ್ತು. ಕಾಫಿ ಕುಡಿ."

ಫೋನು ಬರುತ್ತಿರಲಿಲ್ಲವೆಂದಲ್ಲ. ವರ್ಷಕ್ಕೆರಡು ಸಲ ರೈಮೊ ಮಾಡುತ್ತಿದ್ದ. ಇಬ್ಬರೂ ಹವಾಮಾನ ಮಾತಾಡಿ ಇಡುತ್ತಿದ್ದರು. ಹಾಗೇ ಇಪ್ಪತ್ತೆರಡು ನವೆಂಬರ್ ಕಳೆದವು. ಟೀಚರ ಕೂದಲು ಬೆಳ್ಳಗಾಯಿತು, ಬಸ್ಸು ಓಡಿಸುವುದು ಬಿಟ್ಟರು, ಮೊಣಕಾಲು ಹೋಯಿತು. ಹಳ್ಳ ದಾಟುವಾಗ ನನ್ನ ತೋಳು ಹಿಡಿಯತೊಡಗಿದರು. ಆ ಹಲಗೆಯ ಮೇಲೆ ಹೊದಿಕೆ ಹಾಸುವುದು ಮಾತ್ರ ಬಿಡಲಿಲ್ಲ.

ನನ್ನದು ಬೇಟೆಯವರ ಅಂಗಡಿ. ಮೀನಿಗೆ ಹುಳ, ಗರಗಸ ರಿಪೇರಿ, ಬೇಟೆ ಲೈಸೆನ್ಸು. ಮೂರು ನವೆಂಬರ್ ಹಿಂದೆ, ಹದಿಮೂರನೇ ತಾರೀಕು ಮಧ್ಯಾಹ್ನ, ಅರಿಝೋನಾದ ನಂಬರ್ ಪ್ಲೇಟಿನ ಪಿಕಪ್ಪು ಬಂದು ನಿಂತಿತು. ಬಿಸಿಲಿಗೆ ಚರ್ಮ ಸುಟ್ಟು ಹಳೇ ಚಪ್ಪಲಿಯಂತಾದ ಮುಖದ ಮನುಷ್ಯ ಇಳಿದ. ನಡಿಗೆ ನೋಡಿದ ಕೂಡಲೇ ಗೊತ್ತಾಯಿತು, ಕಂಗಾಸರೆಲ್ಲ ಹಿಮದಲ್ಲಿ ಕಾಲೆತ್ತಿ ಇಡುವ ಹಾಗೇ ನಡೆಯುವುದು.

"ರೈಮೊ! ಯಾರು ಕಳಿಸಿದ್ರೋ ನಿನ್ನ?"

"ಹೆಂಡ್ತಿ ಒದ್ದು ಕಳಿಸಿದ್ಳು. ಟೀವಿಲಿ ನಿಮ್ಮೂರ ಹಿಮ ನೋಡ್ಕೊಂಡು ಕೂತಿರ್ತೀಯಲ್ಲ, ಹೋಗಿ ಅದರೊಳಗೇ ಕೂತ್ಕೋ ಅಂದ್ಳು. ಲೈಸೆನ್ಸ್ ಕೊಡು ಎರ್ನಿ, ಹೊರಗಿನವರದು."

"ಅಕ್ಕನ್ನ ನೋಡಿದ್ಯಾ?"

"ಮೊದ್ಲು ಲೈಸೆನ್ಸು," ಎಂದ. ಅವನು ಮೋಟೆಲಿನಲ್ಲಿ ಕೋಣೆ ಹಿಡಿದಿದ್ದ. ಸ್ವಂತ ಊರಿನಲ್ಲಿ ಮೋಟೆಲು! ಸರ್ಕಾರಿ ಜಾಗದಲ್ಲಿ ಒಬ್ಬನೇ ಬೇಟೆಯಾಡಿ, ಅಕ್ಕನ ಜೊತೆ ಒಂದು ಕಾಫಿ ಕುಡಿದು ಹೋಗುವುದು ಅವನ ಯೋಚನೆ.

ನಾನು ಯಂತ್ರದಲ್ಲಿ ಅವನ ಹೆಸರು ಒತ್ತಿದೆ. ಹುಟ್ಟಿದ ತಾರೀಕು ಸಾವಿರದ ಒಂಬೈನೂರ ಅರವತ್ತು, ಜನವರಿ ಒಂದು. ಯಂತ್ರ ಬೇಟೆ ಶಿಕ್ಷಣದ ಕಾರ್ಡಿನ ನಂಬರ್ ಕೇಳಿತು. ಆ ತಾರೀಕಿನಿಂದ ಈಚೆಗೆ ಹುಟ್ಟಿದವರೆಲ್ಲ ಕಾರ್ಡು ತೋರಿಸಬೇಕು, ಇಲ್ಲವೇ ಹಳೇ ಲೈಸೆನ್ಸು.

"ನಿಂಗೂ ಗೊತ್ತಲ್ಲೋ," ಎಂದ ರೈಮೊ. "ನಾನು ಹುಟ್ಟಿದ್ದು ಡಿಸೆಂಬರ್ ಮೂವತ್ತೊಂದಕ್ಕೆ, ಸೌನಾದ ಹಬೆಮನೆಯೊಳಗೆ. ಡಾಕ್ಟ್ರು ಹಿಮದಲ್ಲಿ ಸಿಕ್ಕಾಕ್ಕೊಂಡು ಮರುದಿನ ಬಂದ. ಅವನು ಬಂದ ದಿನಾನೇ ನಾನು ಬಂದ ದಿನ ಅಂತ ಬರ್ದ."

"ಆ ಡಾಕ್ಟ್ರನ್ನ ಗೋರಿಯಿಂದ ಎಬ್ಬಿಸ್ಕೊಂಡು ಬಾ, ತಿದ್ದೋಣ. ಹಳೇ ಲೈಸೆನ್ಸ್ ಇಲ್ವಾ?"

"ನೀನು ಇಟ್ಕೊಂಡಿದೀಯಾ ತೊಂಬತ್ನಾಲ್ಕರದ್ದು? ಸೀಸನ್ ಮುಗಿದ್ಮೇಲೆ ಅದ್ರಲ್ಲೇ ಒಲೆ ಹಚ್ತಿದ್ವಿ."

ಅದು ನಿಜ. ನಾವೆಲ್ಲರೂ ಹಾಗೇ ಮಾಡುತ್ತಿದ್ದೆವು. ಅರಿಝೋನಾದಲ್ಲಿ ಅವನು ಒಂದು ಲೈಸೆನ್ಸೂ ಕೊಂಡಿರಲಿಲ್ಲ. ಹಿಮವಿಲ್ಲದೆ ಜಿಂಕೆಯ ಹೆಜ್ಜೆ ಮೂಡದ ನೆಲದಲ್ಲಿ ಎಂಥ ಬೇಟೆ ಎಂದು ಕೋವಿಯನ್ನು ಎಣ್ಣೆ ಹಚ್ಚಿ ಕಪಾಟಿನಲ್ಲಿಟ್ಟಿದ್ದನಂತೆ. ನಾಲ್ಕು ದಿನ ಗಾಡಿ ಓಡಿಸಿಕೊಂಡು ಬಂದವನು ನನ್ನ ಮೇಜನ್ನು ಗುದ್ದಿದ. ನನ್ನ ಮೇಜು ಗುದ್ದಲು ನಾನು ಯಾರಿಗೂ ಬಿಡುವುದಿಲ್ಲ, ನಾನೇ ಗುದ್ದುವುದು. ನಾನೂ ಗುದ್ದಿದೆ. ಹುಳದ ಡಬ್ಬ ಉರುಳಿತು. ಇಬ್ಬರೂ ನೆಲದ ಮೇಲೆ ಹುಳ ಹೆಕ್ಕುತ್ತಾ ಬೈದುಕೊಳ್ಳುತ್ತಿರುವಾಗ ನನ್ನ ಹೆಂಡತಿ ಟೀಚರಿಗೆ ಫೋನ್ ಮಾಡಿದಳು.

ಹತ್ತು ನಿಮಿಷಕ್ಕೆ ಬಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾಗಿಲಿಗೆ ನೇರ ಬರಲಿಲ್ಲ. ಆ ಪಿಕಪ್ಪಿನ ಹತ್ತಿರ ನಿಂತರು, ನಂಬರ್ ಪ್ಲೇಟನ್ನು ಕೈಗವಸಿನಿಂದ ಒರೆಸಿದರು. ಆಮೇಲೆ ಅಭ್ಯಾಸಬಲ, ಒಳಕ್ಕೆ ಇಣುಕಿದರು. ಅಂಗಡಿಯೊಳಗೆ ಬಂದು ಇಪ್ಪತ್ತೆರಡು ವರ್ಷದ ಮೇಲೆ ತಮ್ಮನಿಗೆ ಮುಖಾಮುಖಿ ಹೇಳಿದ ಮೊದಲ ಮಾತು ಇದು:

"ಬಾಗಿಲ ಜೇಬಲ್ಲಿ ಪಿಸ್ತೂಲಿದೆ."

"ನಮ್ಮ ಕಡೆ ಅದಕ್ಕೆ ಕಾಗದ ಬೇಡ, ಸೈಮಾ."

"ನಿಮ್ಮ ಕಡೆ ನಿಮ್ಮ ಕಡೇನೇ ಉಳೀತು. ಖಾಲಿ ಮಾಡು, ಪೆಟ್ಟಿಗೇಲಿ ಹಾಕಿ ಬೀಗ ಹಾಕು, ಹಿಂದೆ ಇಡು. ತೋಟಾ ಬೇರೆ ಕಡೆ. ಪೊಲೀಸರು ನೋಡಿದ್ರೆ ಜೈಲು."

ಅವನು ಹೋಗಿ ಹೇಳಿದಂತೆ ಮಾಡಿ ಬಂದ. ಕಿವಿ ಕೆಂಪಾಗಿತ್ತು. ಟೀಚರ್ ಅಷ್ಟರಲ್ಲಿ ನನ್ನ ಕಡೆ ತಿರುಗಿ, "ಬಡಕಲಾಗಿದ್ದಾನೆ ಅಲ್ವಾ?" ಎಂದು ಪಿಸುಗುಟ್ಟಿದ್ದರು. ಅವನು ಒಳಗೆ ಬಂದ ಕೂಡಲೇ ಮುಖ ಮೊದಲಿನ ಹಾಗೆ.

"ಸೈಮಾ, ಒಂದು ಕಾರ್ಡ್ ಬರ್ದುಕೊಡು," ಎಂದ ರೈಮೊ. "ನಿನ್ನ ಕಪಾಟಲ್ಲಿ ಖಾಲಿ ಕಾರ್ಡು ಕಟ್ಟುಗಟ್ಟಲೆ ಇರ್ತಾವಲ್ಲ. ನನಗೆ ಕೋವಿ ಹಿಡಿಯೋಕೆ ಕಲಿಸಿದ್ದು ನೀನೇ ಅಲ್ವಾ, ಎಂಟನೇ ವರ್ಷಕ್ಕೆ? ಸುಳ್ಳೇನಿಲ್ಲ."

ಟೀಚರ್ ಮನಸ್ಸು ಮಾಡಿದರೆ ಅರ್ಧ ನಿಮಿಷದ ಕೆಲಸ. ಆ ಹಲಗೆ, ಆ ಹೊದಿಕೆ, ಎಲ್ಲ ಒಂದು ರುಜುವಿನಿಂದ ಮುಗಿಯುತ್ತಿತ್ತು. ಅವರ ಕೈ ಚೀಲದ ಹಿಡಿಯನ್ನು ಹಿಸುಕುತ್ತಿರುವುದು ಕಂಡಿತು.

"ಕ್ಲಾಸಲ್ಲಿ ಕೂರದೋರಿಗೆ ಕಾರ್ಡಿಲ್ಲ, ರೈಮೊ. ಎರ್ನಿ, ಕಲಿಯೋವ್ರ ಲೈಸೆನ್ಸ್ ಇದೆಯಲ್ಲ, ಅದು ಕೊಡು. ಎರಡು ಸೀಸನ್‌ಗೆ ಕೊಡ್ತಾರೆ. ಆಮೇಲೆ ಕ್ಲಾಸು ಮಾಡ್ಲೇಬೇಕು."

"ಅದು ಮಕ್ಕಳದ್ದು!"

"ಮಕ್ಕಳದ್ದು ಅಂತ ಎಲ್ಲೂ ಬರ್ದಿಲ್ಲ. ದೊಡ್ಡೋರು ಒಬ್ರು ಜೊತೇಲಿರ್ಬೇಕು ಅಷ್ಟೆ, ಲೈಸೆನ್ಸ್ ಇರೋವ್ರು. ಫೋನು ಗೀನು ಇಲ್ದೆ ಮಾತು ಕೇಳುವಷ್ಟು ದೂರದಲ್ಲಿ."

"ಐವತ್ತೇಳು ವರ್ಷ ಕಣೇ ನನಗೆ! ಯಾರು ನನ್ನ ಜೊತೆ ಬರೋದು, ಆಯಾ?"

ಈಗ ಹೇಳುತ್ತಾರೆ, ನಾನು ಬರ್ತೀನಿ ಅಂತಾರೆ ಎಂದು ನಾನು ಕಾದೆ. ಅವರು ಕಪಾಟಿನಲ್ಲಿದ್ದ ಕೈಗವಸುಗಳನ್ನು ನೋಡುತ್ತಾ, "ಯಾರಾದ್ರೂ ಸಿಗ್ತಾರೆ" ಎಂದರು. ಅವನು ತಾನಾಗಿ ಕೇಳುತ್ತಾನೆಂದು ಅವರೂ ಕಾದಿರಬೇಕು. ಅವನು ಟೋಪಿ ಹಾಕಿಕೊಂಡು ಹೋಗಿಬಿಟ್ಟ. ಪಿಕಪ್ಪು ಹೊರಟ ಮೇಲೆ ಟೀಚರ್ ಒಂದು ಜೊತೆ ಕೈಗವಸು ಕೊಂಡರು, ಗಂಡಸರ ಅಳತೆಯದು. ಮಾತಿಲ್ಲದೆ ಹೋದರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ. ಗಾಡಿಯಲ್ಲಿ ಸಾಮಾನು ತುಂಬಿತ್ತು. ವಾಪಸ್ಸು ಅರಿಝೋನಾಕ್ಕೂ ಹೊರಟಿರಬಹುದು, ಕ್ಯಾಂಪಿಗೂ ಹೊರಟಿರಬಹುದು.

"ಅದೇ, ಆ ಮಕ್ಕಳ ಲೈಸೆನ್ಸು..." ಎಂದ, ಗೋಡೆಯ ಕಡೆ ನೋಡುತ್ತಾ.

"ಜೊತೆಗೆ ಯಾರು?"

"ಫಾರಮ್ಮಲ್ಲಿ ಬರೀಬೇಕಾ?"

"ಬರೀಬೇಕಾಗಿಲ್ಲ. ನನಗೆ ಗೊತ್ತಾಗ್ಬೇಕು."

ಅವನು ಮೇಜಿನ ಮೇಲಿದ್ದ ಹುಳದ ಡಬ್ಬವನ್ನು ನೆಟ್ಟಗಿಟ್ಟ. ಆಮೇಲೆ, "ಅಪ್ಪ ಜಿಂಕೆಗೆ ಅಡಗಿ ಕೂರ್ತಿದ್ದ ಹಳೇ ಮರಸು ಇನ್ನೂ ಇದೆಯಾ, ಹಳ್ಳದ ತಿರುವಲ್ಲಿ?" ಎಂದು ಕೇಳಿದ.

ಇಷ್ಟು ಹೇಳಲು ಅವನಿಗೆ ಇಡೀ ರಾತ್ರಿ ಬೇಕಾಗಿತ್ತು. ನನ್ನ ತಾಳ್ಮೆ ಮುಗಿದುಹೋಯಿತು. "ಕತ್ತೆ! ಇಪ್ಪತ್ತೆರಡು ವರ್ಷದಿಂದ ಅವ್ರು ನಿನ್ನ ಹಾಸಿಗೆ ಹಾಸ್ತಾ ಇದ್ದಾರೆ. ನಾನು ಅದರ ಮೇಲೆ ಕೂತಿದ್ದಕ್ಕೆ ಎಬ್ಬಿಸಿದ್ರು. ಹತ್ತು ಗಂಟೆಗೆ ಹೊರಡ್ತೀನಿ. ನನ್ನ ಗಾಡಿ ಹಿಂದೆ ಬಾ."

"ಅವಳು ಕರ್ದಿಲ್ಲ."

"ನಾನು ಕರೀತಾ ಇದೀನಿ!"

ನನ್ನದಲ್ಲದ ಕ್ಯಾಂಪಿಗೆ ನಾನು ಒಬ್ಬನನ್ನು ಕರೆದೆ. ಈ ಊರಿನಲ್ಲಿ ಮನುಷ್ಯರು ಹಾಗೆ ಮಾಡುವುದಿಲ್ಲ. ನನ್ನಪ್ಪ ಬದುಕಿದ್ದರೆ ಕಪಾಳಕ್ಕೆ ಕೊಡುತ್ತಿದ್ದ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವನ ಗಾಡಿ ಬರುತ್ತಿದೆಯೋ ಇಲ್ಲವೋ ಎಂದು ನೋಡುತ್ತಾ ಓಡಿಸಿದೆ. ಎರಡು ಕಡೆ ನಿಧಾನ ಮಾಡಿದ, ತಿರುಗಲಿಲ್ಲ.

ಟೀಚರ್ ಕ್ಯಾಂಪಿನ ಮುಂದೆ ಸೌದೆ ಜೋಡಿಸುತ್ತಿದ್ದರು. ಎರಡು ಗಾಡಿಯ ಸದ್ದು ಕೇಳಿ ನೆಟ್ಟಗಾದರು. ರೈಮೊ ಇಳಿದು ಹತ್ತು ಹೆಜ್ಜೆ ದೂರ ನಿಂತ. ನಾನು ಬೈಸಿಕೊಳ್ಳಲು ತಯಾರಾದೆ. ಅವರು ಅವನ ಕೈ ನೋಡಿದರು.

"ಕೈಗವಸು ಇಲ್ವಾ ನಿಂಗೆ?"

"ಅಲ್ಲಿ ಬೇಕಾಗಲ್ಲ."

"ಮೇಜಿನ ಮೇಲಿದೆ," ಎಂದು ಹೇಳಿ ಮತ್ತೆ ಸೌದೆ ಜೋಡಿಸತೊಡಗಿದರು. ಅವನು ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಒಳಗೆ ಹೋಗಲು ಹೊರಟರೆ ಟೀಚರ್ ನನ್ನ ತೋಳು ಹಿಡಿದು ನಿಲ್ಲಿಸಿದರು.

ಮರಸಿನಲ್ಲಿ ಆದದ್ದನ್ನು ನಾನು ಕಂಡಿಲ್ಲ, ನಾನು ಗುಡ್ಡದ ಆಚೆ ಕೂರುವವನು. ಟೀಚರ್ ನನಗೆ ಹೇಳಿದ್ದು ಜನವರಿಯಲ್ಲಿ, ಹಿಮಗಡ್ಡೆ ಕೊರೆಯುವ ಬೈರಿಗೆಗೆ ಹರಿತ ಹಾಕಿಸಲು ಬಂದಾಗ. ಆ ಮರಸು ಒಬ್ಬರು ಕೂರುವಷ್ಟು ಅಗಲದ್ದು. ಒಳಗೆ ಒಂದೇ ಮುಕ್ಕಾಲಿ. ಕಾನೂನಿನ ಪ್ರಕಾರ ರೈಮೊ ದೂರ ಹೋಗುವ ಹಾಗಿಲ್ಲ, ಬಕೆಟ್ಟು ಬೋರಲು ಹಾಕಿ ಪಕ್ಕದಲ್ಲೇ ಕೂತ. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಇಬ್ಬರೂ ಕಿತ್ತಳೆ ಬಣ್ಣದ ಕೋಟು, ನಡುವೆ ಫ್ಲಾಸ್ಕು. ಎರಡು ದಿನ "ಕಾಫಿ?", "ಹೂಂ" ಬಿಟ್ಟರೆ ಮಾತಿಲ್ಲ. ಮೂರನೇ ದಿನ ಬೆಳಿಗ್ಗೆ ಸಣ್ಣಗೆ ಹಿಮ ಬೀಳುತ್ತಿತ್ತು.

"ಇಷ್ಟು ವರ್ಷ ಯಾಕೆ ಕರೀಲಿಲ್ಲ ನನ್ನ?" ಎಂದನಂತೆ, ಮುಂದಕ್ಕೆ ನೋಡುತ್ತಲೇ.

"ನಿನ್ನ ಮನೆಗೆ ನಿನ್ನ ಕರೀಬೇಕಿತ್ತಾ?"

"ಅಪ್ಪ ನಿನ್ನ ಹೆಸರಿಗೆ ಬರ್ದ ಮೇಲೆ ಅದು ನಿನ್ನದು. ಕರೀತೀಯೇನೋ ಅಂತ ಪ್ರತಿ ಅಕ್ಟೋಬರ್ ಕೋವಿ ತೆಗ್ದು ಒರೆಸಿ ಇಡ್ತಿದ್ದೆ. ಫೋನ್ ಮಾಡಿದ್ರೆ ನೀನು ಚಳಿ ಎಷ್ಟು ಅಂತ ಹೇಳಿ ಇಡ್ತಿದ್ದೆ. ಬರೋದು ಇವಳಿಗೆ ಇಷ್ಟ ಇಲ್ಲ ಅಂದ್ಕೊಂಡೆ."

ಆಮೇಲೆ ಟೀಚರ್ ಆ ಹೊದಿಕೆಯ ವಿಷಯ ತಾವೇ ಹೇಳಿದರು. ಯಾವ ವರ್ಷ ಯಾವುದು ಹಾಸಿದ್ದೆ, ಯಾವುದನ್ನು ಇಲಿ ಕಡಿಯಿತು, ಯಾವುದು ಅಮ್ಮ ಹೆಣೆದದ್ದು ಎಂದೆಲ್ಲ. ಮಾತು ಮುಗಿದು ಎದ್ದು ನೋಡಿದರೆ ಮರಸಿನ ಮುಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹೊಸ ಹಿಮದ ಮೇಲೆ, ದೊಡ್ಡ ಗಂಡು ಜಿಂಕೆಯೊಂದು ಎಡದಿಂದ ಬಲಕ್ಕೆ ಹಾದುಹೋದ ಗೊರಸಿನ ಗುರುತು.

"ಇಬ್ರೂ ಕೋವಿ ಹಿಡ್ಕೊಂಡು ಕೂತಿದ್ವಿ, ಎರ್ನಿ. ಒಬ್ರೂ ನೋಡ್ಲಿಲ್ಲ," ಎಂದರು ಟೀಚರ್. ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ, ಬೈರಿಗೆಯ ಅಲಗನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ, "ಇಪ್ಪತ್ತೆರಡು ನವೆಂಬರ್. ನಾನು ಒಂದು ಮಾತು ಅಂದಿದ್ರೆ ಸಾಕಿತ್ತು. ಅವನು ಒಂದು ಮಾತು ಅಂದಿದ್ರೂ ಸಾಕಿತ್ತು," ಎಂದರು. ನಾನು ಬೈರಿಗೆ ತೆಗೆದುಕೊಂಡೆ. ಅಲಗನ್ನು ಬೇಕಾದ್ದಕ್ಕಿಂತ ಹೆಚ್ಚೇ ಮಸೆದೆ.

ಮಾರನೇ ವರ್ಷವೂ ರೈಮೊ ಬಂದ. ಮುತ್ತಿನ ಗುಂಡಿಯ ಅರಿಝೋನಾ ಅಂಗಿ ಹಾಕಿಕೊಂಡು ಬಂದವನು ಅರವತ್ತು ಹೆಜ್ಜೆಯಲ್ಲಿ ನಿಂತಿದ್ದ ಜಿಂಕೆಗೆ ಗುರಿ ತಪ್ಪಿದ. ಕ್ಯಾಂಪಿನ ಪದ್ಧತಿ ಪ್ರಕಾರ ಅವನ ಅಂಗಿಯ ಹಿಂದಿನ ತುಂಡು ಕತ್ತರಿಸಿ ಗೋಡೆಗೆ ಮೊಳೆ ಹೊಡೆದದ್ದು ನಾನೇ. ಕತ್ತರಿ ನೋಡಿ, "ಇದು ನನ್ನ ಹೆಂಡ್ತಿ ಕೊಡ್ಸಿದ್ದು ಮಾರಾಯ, ಒಫೀಲಿಯಾ ಕೊಲ್ತಾಳೆ" ಎಂದು ಮೇಜಿನ ಸುತ್ತ ಓಡಿದ. ಟೀಚರ್ ಬಾಗಿಲಿಗೆ ಅಡ್ಡ ನಿಂತರು. ಆ ಮುದುಕಿ ಅಷ್ಟು ನಕ್ಕದ್ದು ನಾನು ಮೊದಲು ನೋಡಿರಲಿಲ್ಲ.

ಆದರೆ ಬರುವುದು ಒಂದು ವಾರಕ್ಕೆ. ಇಪ್ಪತ್ತೊಂದನೇ ತಾರೀಕು ಬೆಳಿಗ್ಗೆ ಅವನ ಗಾಡಿ ಹೊರಡುತ್ತಿತ್ತು. ಹೊರಟ ಮೇಲೆ ಟೀಚರ್ ಎರಡು ದಿನ ಯಾರಿಗೂ ಸಿಗುತ್ತಿರಲಿಲ್ಲ. ಒಮ್ಮೆ ನಾನು ಕಾಣಲು ಹೋದರೆ ಅಡುಗೆಮನೆಯಲ್ಲಿ ಇಬ್ಬರಿಗೆ ಬೇಯಿಸಿ, ಒಬ್ಬರೇ ಕೂತು, ಉಣ್ಣದೆ ಕಿಟಕಿಯಾಚೆ ನೋಡುತ್ತಿದ್ದರು. "ಬರದೇ ಇದ್ದಾಗ ಇಷ್ಟು ಕಷ್ಟ ಇರ್ಲಿಲ್ಲ ಕಣೋ," ಎಂದರು. ಆ ಮಾತು ನನಗೆ ಈಗಲೂ ನಿದ್ದೆ ಕೆಡಿಸುತ್ತದೆ.

ಮೂರನೇ ವರ್ಷ ಕಲಿಯುವವರ ಲೈಸೆನ್ಸು ಇಲ್ಲ, ಕ್ಲಾಸೇ ಆಗಬೇಕು. ಕಂಪ್ಯೂಟರಿನಲ್ಲಿ ಮಾಡಬಹುದು ಎಂದು ನಾನು ಹೇಳಿದೆ. ರೈಮೊ ಕೇಳಲಿಲ್ಲ. ಆಗಸ್ಟ್ ಮಧ್ಯಕ್ಕೆ ಎರಡು ಸಾವಿರ ಮೈಲಿ ಓಡಿಸಿಕೊಂಡು ಬಂದು ಟೌನ್ ಹಾಲ್‌ನಲ್ಲಿ, ಹನ್ನೆರಡು ವರ್ಷದ ಹುಡುಗ ಹುಡುಗಿಯರ ನಡುವೆ, ಗಿಡ್ಡ ಕುರ್ಚಿಯಲ್ಲಿ ಕೂತ. ಶುಕ್ರವಾರ ಸಂಜೆ ಮತ್ತು ಶನಿವಾರ ಪಾಠ, ಭಾನುವಾರ ಪರೀಕ್ಷೆ. ಸೋಮವಾರ ಹೊರಡುವುದು ಅವನ ಲೆಕ್ಕ. ಟೀಚರ್ ಅವನನ್ನು ಎಲ್ಲರ ಹಾಗೆಯೇ ನೋಡಿದರು, "ಕಂಗಾಸ್, ಕಾಲು ಮಡಿಚಿ ಕೂರು, ಹಿಂದಿನವರಿಗೆ ಕಾಣಲ್ಲ" ಎಂದು ಗದರಿದರು. ನಿಸು ಬ್ರೆಡ್ಡಿನ ಕೊನೆಯ ತುಂಡು ಅವನ ತಟ್ಟೆಗೇ ಬಿತ್ತು, ಅದು ಬೇರೆ ಮಾತು.

ಭಾನುವಾರ ನಾನು ಸಹಾಯಕ್ಕೆ ಹೋಗಿದ್ದೆ. ಬರೆಯುವ ಪರೀಕ್ಷೆಯಲ್ಲಿ ರೈಮೊ ಎಲ್ಲ ಸರಿ ಬರೆದ. ಆಮೇಲೆ ಹಾಲ್‌ನ ಹಿಂದಿನ ಬಯಲಿನಲ್ಲಿ ಬೇಲಿ ದಾಟುವುದು. ಒಬ್ಬನೇ ಇರುವಾಗ ಕೋವಿ ಖಾಲಿ ಮಾಡಿ, ಬೇಲಿಯ ಕೆಳಗಿಂದ ಆಚೆಗೆ ಮಲಗಿಸಿ, ನಳಿಗೆ ತನ್ನ ಕಡೆ ಇರದಂತೆ ನೋಡಿ, ಆಚೆ ಕಂಬದ ಹತ್ತಿರ ಹೋಗಿ ದಾಟಬೇಕು. ಅವನು ಖಾಲಿ ಮಾಡಿದ, ತೋರಿಸಿದ, ಮಲಗಿಸಿದ, ಹೋದ, ದಾಟಿದ, ಎತ್ತಿದ. ನಾನು ಕಂಬದ ಪಕ್ಕದಲ್ಲೇ ಇದ್ದೆ. ನನ್ನ ಮಕ್ಕಳಾಣೆ, ಎಲ್ಲಿಯೂ ತಪ್ಪಿರಲಿಲ್ಲ.

ಟೀಚರ್ ಕೈಯಲ್ಲಿದ್ದ ಪರೀಕ್ಷೆಯ ಪಟ್ಟಿಯಲ್ಲಿ ಏನೋ ಗೀಚಿದರು. "ಎತ್ತುವಾಗ ನಳಿಗೆ ಎರಡು ಬೆರಳು ಈಚೆ ತಿರುಗಿತು. ಕಂಗಾಸ್ ಫೇಲ್."

"ಏನು ಟೀಚರ್ ನೀವು ಹೇಳೋದು!" ನಾನು ಕೂಗಿದೆ. "ನಾನಿಲ್ಲೇ ನಿಂತಿದ್ದೆ! ಕೂದಲೆಳೆಯಷ್ಟೂ ತಿರುಗಿಲ್ಲ!"

"ಎಲ್ಲಿ ನಿಂತಿದ್ದೆ?"

"ಕಂಬದ ಹತ್ರ!"

"ಅಲ್ಲಿಂದ ಕಾಣಲ್ಲ," ಎಂದರು. ನನ್ನ ಮುಖ ನೋಡಲಿಲ್ಲ. ನಲವತ್ತು ವರ್ಷ ಒಬ್ಬರಿಗೂ ಸುಳ್ಳು ಕಾರ್ಡು ಕೊಡದ ಹೆಂಗಸು, ಪೆನ್ನಿನ ಮುಚ್ಚಳ ಹಾಕಲು ಮೂರು ಸಲ ಒದ್ದಾಡಿದರು.

ನಾನು ರೈಮೊನ ಕಡೆ ತಿರುಗಿದೆ. ಮೇಜು ಗುದ್ದುವ ಮನುಷ್ಯ, ಈಗ ಭೂಮಿ ಆಕಾಶ ಒಂದು ಮಾಡುತ್ತಾನೆ ಎಂದುಕೊಂಡೆ. ಅವನು ಅಕ್ಕನನ್ನೇ ನೋಡುತ್ತಿದ್ದ. ಆಮೇಲೆ ಕೋವಿಯನ್ನು ಮೇಜಿನ ಮೇಲೆ ಜಾಗಕ್ಕಿಟ್ಟು, ಟೋಪಿ ತೆಗೆದು ಬೆವರು ಒರೆಸಿಕೊಂಡು, "ಮುಂದಿನ ಕ್ಲಾಸು ಯಾವಾಗ?" ಎಂದು ಕೇಳಿದ.

"ಸೆಪ್ಟೆಂಬರ್ ಹದಿಮೂರಕ್ಕೆ."

"ಹೋಗಿ ಬರೋಕೆ ದೂರ."

"ದೂರ," ಎಂದರು ಟೀಚರ್. "ನನ್ನ ಜೊತೆ ಇರು ರೈಮೊ. ನಾನು ಕರೀತಾ ಇದೀನಿ."

ಅವನು ತಲೆಯಾಡಿಸಿದ. ಮಕ್ಕಳೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ನಾನು ಅವರ ಮೇಲೆ ರೇಗಿ ಬ್ರೆಡ್ಡು ತಿನ್ನಲು ಒಳಗೆ ಓಡಿಸಿದೆ.

ಆ ನಾಲ್ಕು ವಾರ ಅವರಿಬ್ಬರು ಕಾಡುಹಣ್ಣು ಕೊಯ್ದು ಜಾಮ್ ಮಾಡಿದರು, ಕ್ಯಾಂಪಿನ ಸೂರಿಗೆ ಹೊಸ ತಗಡು ಹಾಕಿದರು, ಶನಿವಾರ ಸೌನಾ ಕಾಯಿಸಿದರು. ಸೆಪ್ಟೆಂಬರಿನಲ್ಲಿ ಅವನು ಪಾಸಾದ. ಆ ನವೆಂಬರ್ ಟೀಚರಿಗೆ ಕೊನೆಯದು. ಮೇ ತಿಂಗಳಲ್ಲಿ ನೆಲ ಕರಗಿದಾಗ ಮಣ್ಣು ಹಾಕಲು ಬಂದ ರೈಮೊ ನನ್ನೊಡನೆ ಗುಂಡಿಯ ಪಕ್ಕ ನಿಂತು, ನಾನು ಕೇಳಬೇಕೆಂದಿದ್ದನ್ನು ಕೇಳುವ ಮೊದಲೇ, "ಇಲ್ಲ ಕಣೋ, ನಳಿಗೆ ತಿರುಗಿರ್ಲಿಲ್ಲ" ಎಂದ.

ಫೇಲಾದ ಆ ಭಾನುವಾರ ಮಧ್ಯಾಹ್ನ ಅವನು ನನ್ನ ಅಂಗಡಿಯಿಂದಲೇ ಒಫೀಲಿಯಾಗೆ ಫೋನ್ ಮಾಡಿದ್ದ. ಆ ಕಡೆಯಿಂದ ಅವಳು ಜೋರಾಗಿ ಏನೇನೋ ಕೇಳುತ್ತಿದ್ದಳು. ಇವನು ಕಿಟಕಿಯಾಚೆ, ಬಿಸಿಲಲ್ಲಿ ಗಾಡಿಗೆ ಒರಗಿ ಕಾಯುತ್ತಿದ್ದ ಅಕ್ಕನನ್ನು ನೋಡುತ್ತಾ ಉತ್ತರಿಸುತ್ತಿದ್ದ.

"ಹೌದು ಕಣೇ, ಫೇಲು... ಅವಳೇ ಮಾಡಿದ್ದು... ಇಲ್ಲ, ಜಗಳ ಆಡ್ಲಿಲ್ಲ. ಇನ್ನೂ ನಾಲ್ಕು ವಾರ. ಇಲ್ಲ ಮಾರಾಯ್ತಿ, ಬೇಜಾರಾಗಿಲ್ಲ... ಅಳ್ತಾ ಇಲ್ಲ ಅಂದ್ನಲ್ಲ. ಇಲ್ಲಿ ಎರ್ನಿ ಅಂಗಡೀಲಿ ಬರೀ ಧೂಳು."